ಅಪರೂಪಕ್ಕೆ ಬೇಕಾಗುವ ಜನರೇಟರ್: ಓಡಿಸುತ್ತಾ ಇಡಬೇಕೋ, ಬರಿದು ಮಾಡಿ ಇಡಬೇಕೋ?

ಮೊದಲಿನಷ್ಟು ಕರೆಂಟ್ ಈಗ ಹೋಗುವುದಿಲ್ಲ. ಹಾಗಾಗಿ ಒಂದು ಕಾಲಕ್ಕೆ ದಿನಾ ಗುಡುಗುಡು ಅನ್ನುತ್ತಿದ್ದ ಜನರೇಟರ್ ಎಷ್ಟೋ ಮನೆ, ಅಂಗಡಿಗಳಲ್ಲಿ ಮೂಲೆ ಸೇರಿದೆ. ಮಾರಲು ಮನಸ್ಸು ಬರುವುದಿಲ್ಲ. ಏಪ್ರಿಲ್ ಕೊನೆಗೆ ಭರಣಿ ಮಳೆ ಗಾಳಿ ಸಮೇತ ಬಂದು ಕಂಬ ಉರುಳಿಸಿದ ರಾತ್ರಿ ಅದು ಬೇಕೇ ಬೇಕು. ಆದರೆ ಅವತ್ತೇ ಅದು ಚಾಲೂ ಆಗುವುದಿಲ್ಲ. ಹಗ್ಗ ಎಳೆದು ಎಳೆದು ಭುಜ ನೋವು ಬರುತ್ತದೆ ಅಷ್ಟೇ.

ಇದನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಂಗಳಿಗೊಮ್ಮೆ ಓಡಿಸಿ ಅಂತ ಒಬ್ಬರು. ಪೆಟ್ರೋಲ್ ಒಂದು ಹನಿಯೂ ಇಲ್ಲದ ಹಾಗೆ ಬರಿದು ಮಾಡಿ ಅಂತ ಇನ್ನೊಬ್ಬರು. ಟ್ಯಾಂಕ್ ತುಂಬಿಸಿಯೇ ಇಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ ಅಂತ ಮತ್ತೊಬ್ಬರು. ಮೂವರ ಮಾತೂ ಸರಿಯೇ. ಆದರೆ ಒಂದೇ ಮನೆಗೆ ಮೂರೂ ಸರಿಯಲ್ಲ. ನಿಮ್ಮ ಮನೆಗೆ ಯಾವುದು ಅಂತ ನೋಡೋಣ.

ಇಲ್ಲಿ ಮಾತಾಡುತ್ತಿರುವುದು ಕೈಯಿಂದ ಎತ್ತಬಹುದಾದ, ಇಲ್ಲವೇ ಚಕ್ರದ ಮೇಲೆ ತಳ್ಳಬಹುದಾದ, ಒಂದರಿಂದ ಮೂರು ಕೆವಿಎ ಪೆಟ್ರೋಲ್ ಜನರೇಟರ್ ಬಗ್ಗೆ. ಹೊಲದ ಐದು ಎಚ್‌ಪಿ ಪಂಪ್‌ಸೆಟ್ ಓಡಿಸುವ ಆಸೆ ಇದ್ದರೆ ಅದು ಈ ಮಷಿನ್ನಿನ ಕೆಲಸವಲ್ಲ.

ಕೆಡುವುದು ಯಾವುದು?

ಗ್ಯಾರೇಜಿನಲ್ಲಿ ಮಿಸ್ತ್ರಿ ಹೇಳುವ ಮಾತು ನೀವೂ ಕೇಳಿರಬಹುದು: “ಅಣ್ಣಾರ, ಮಷಿನ್ ಕೆಟ್ಟಿಲ್ರಿ, ಅದರಾಗಿನ ಪೆಟ್ರೋಲ್ ಕೆಟ್ಟೈತಿ.” ನೂರಕ್ಕೆ ನೂರು ನಿಜ. ಓಡಿ ಓಡಿ ಸವೆದ ಸಣ್ಣ ಜನರೇಟರ್ ಸಿಗುವುದು ಕಡಿಮೆ. ಸುಮ್ನೆ ನಿಂತು ಹಾಳಾದದ್ದೇ ಜಾಸ್ತಿ.

ಪೆಟ್ರೋಲ್ ನಿಂತಲ್ಲೇ ನಿಂತರೆ ಅದರ ಹಗುರ ಭಾಗ ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿ ತಾಗಿ ಮಂದವಾಗುತ್ತಾ ಅಂಟಾಗುತ್ತದೆ. ಟ್ಯಾಂಕಿನಲ್ಲಿ ನಾಲ್ಕೈದು ಲೀಟರ್ ಇರುವುದರಿಂದ ಅಲ್ಲಿ ನಿಧಾನ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರಿನ ಕೆಳಗಿನ ಬಟ್ಟಲಿನಲ್ಲಿ ಇರುವುದು ಒಂದೆರಡು ಚಮಚ ಮಾತ್ರ. ಅದು ಒಂದೆರಡು ತಿಂಗಳಲ್ಲೇ ಕೆಡಲು ಶುರುವಾಗುತ್ತದೆ. ವರ್ಷಗಟ್ಟಲೆ ನಿಂತ ಜನರೇಟರಿನ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು ಕೂತಿರುತ್ತದೆ. ಪೆಟ್ರೋಲ್ ವಾಸನೆ ಇರುವುದಿಲ್ಲ, ಹಳೇ ವಾರ್ನಿಶ್ ವಾಸನೆ ಬರುತ್ತದೆ. ಅದರ ಮೇಲೆ ಸಣ್ಣ ಹಿತ್ತಾಳೆ ಜೆಟ್ ಇರುತ್ತದೆ, ಪೆಟ್ರೋಲ್ ಹೋಗುವುದು ಅದರ ಸಣ್ಣ ತೂತಿನಿಂದಲೇ. ಬಿಚ್ಚಿ ಬೆಳಕಿಗೆ ಹಿಡಿದರೆ ನಡುವೆ ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ಚುಕ್ಕಿ ಕಾಣದಿದ್ದರೆ ಎಷ್ಟು ಹಗ್ಗ ಎಳೆದರೂ ಉಪಯೋಗವಿಲ್ಲ.

ಈಗ ಇದಕ್ಕೆ ಎಥೆನಾಲ್ ಸೇರಿದೆ. 2025ರ ಹೊತ್ತಿಗೆ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ ಸುಮಾರು 20% ಎಥೆನಾಲ್ ಬರುತ್ತಿದೆ. ಎಥೆನಾಲ್ ಗಾಳಿಯಲ್ಲಿರುವ ನೀರಿನ ಪಸೆ ಹೀರಿಕೊಳ್ಳುತ್ತದೆ. ಒಂದು ಹಂತ ದಾಟಿದರೆ ನೀರೂ ಎಥೆನಾಲೂ ಸೇರಿ ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಮೊದಲು ಹೋಗುವುದು ಆ ತಳದ್ದೇ. ಅದು ಬಟ್ಟಲಿನ ಲೋಹವನ್ನು ತಿಂದು ಬಿಳಿ ಪುಡಿ ಮಾಡಿಡುತ್ತದೆ. ಹಳೆಯ ಮಷಿನ್ನಿನ ರಬ್ಬರ್ ಪೈಪು, ವಾಷರ್ ಈ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ಅವು ಉಬ್ಬುತ್ತವೆ, ಇಲ್ಲವೇ ಸೀಳುತ್ತವೆ. ಹತ್ತು ವರ್ಷದ ಹಿಂದೆ ಆರು ತಿಂಗಳು ಬಿಟ್ಟರೂ ಚಾಲೂ ಆಗುತ್ತಿದ್ದ ಅದೇ ಜನರೇಟರ್ ಈಗ ಯಾಕೆ ತಕರಾರು ಮಾಡುತ್ತದೆ ಅನ್ನುವವರು ಇದನ್ನು ನೆನಪಿಡಿ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ಎಷ್ಟು ಬೇಗ ಬೇಕು? ಮನೆಯಲ್ಲಿ ಆಕ್ಸಿಜನ್ ಮಷಿನ್ ಮೇಲಿರುವ ಅಜ್ಜಿ ಇದ್ದರೆ ಐದು ನಿಮಿಷದೊಳಗೆ ಬೇಕು. ಗಣೇಶ ಹಬ್ಬದ ಪೆಂಡಾಲಿಗೆ ಆದರೆ ಒಂದು ವಾರ ಮೊದಲೇ ಗೊತ್ತಿರುತ್ತದೆ.

ಎರಡನೆಯದು, ಹಗ್ಗ ಎಳೆಯುವವರು ಯಾರು? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮಗ ಬೆಂಗಳೂರಿನಲ್ಲಿ, ಧಾರವಾಡದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಂಥ ಮನೆಗೆ “ತಿಂಗಳಿಗೊಮ್ಮೆ ಓಡಿಸಿ” ಅಂತ ಹೇಳುವುದು ಸುಲಭ. ನಡೆಯುವುದು ಎರಡು ತಿಂಗಳು, ಆಮೇಲೆ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಒಳ್ಳೇ ಪದ್ಧತಿಗಿಂತ ಒಮ್ಮೆ ಮಾಡಿ ಮುಗಿಸುವ ಪದ್ಧತಿ ವಾಸಿ.

ಮೂರನೆಯದು ಜಾಗ. ಧಾರವಾಡ, ಹಾನಗಲ್, ಶಿಗ್ಗಾವಿ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಪಸೆ ಹಿಡಿದಿರುತ್ತದೆ. ಗದಗ, ಮುಂಡರಗಿ, ರೋಣದ ಕಡೆ ಪಸೆ ಕಡಿಮೆ, ಕರಿಮಣ್ಣಿನ ಧೂಳು ಜಾಸ್ತಿ. ಒಂದು ಕಡೆ ತುಕ್ಕಿನ ಚಿಂತೆ, ಇನ್ನೊಂದು ಕಡೆ ಏರ್ ಫಿಲ್ಟರ್ ಚಿಂತೆ. ಇಲಿ ಎರಡೂ ಕಡೆ ಇದೆ. ವೈರ್ ಕಡಿಯುತ್ತದೆ, ಫಿಲ್ಟರ್ ಡಬ್ಬಿಯಲ್ಲಿ ಗೂಡು ಮಾಡುತ್ತದೆ.

ಇನ್ನು ಖರ್ಚು. ಅದನ್ನು ಆಯಾ ದಾರಿಯ ಜೊತೆಗೇ ಹೇಳುತ್ತೇನೆ.

ತಿಂಗಳಿಗೊಮ್ಮೆ ಓಡಿಸುವ ದಾರಿ

ಮಾಡುವವರು ಇದ್ದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೊಸದಾಗುತ್ತಾ ಇರುತ್ತದೆ. ಎಂಜಿನ್ ಒಳಗೆ ಆಯಿಲ್ ಓಡಾಡುತ್ತದೆ. ವೈಂಡಿಂಗ್, ಅಂದರೆ ಕರೆಂಟ್ ಹುಟ್ಟುವ ತಂತಿ ಸುರುಳಿಯ ಪಸೆ ಒಣಗುತ್ತದೆ. ಇನ್ನೂ ಒಂದು ಲಾಭ ಇದೆ. ಸಾಮಾನ್ಯ ಜನರೇಟರಿನ ಒಳಗೆ ಸ್ವಲ್ಪ ಕಾಂತಶಕ್ತಿ ಉಳಿದಿರಬೇಕು, ಅದರಿಂದಲೇ ಕರೆಂಟ್ ಹುಟ್ಟಲು ಶುರುವಾಗುವುದು. ಬಹಳ ಕಾಲ ನಿಂತರೆ ಅದು ಕಳೆದುಹೋಗಬಹುದು. ಆಗ ಎಂಜಿನ್ ಚೆನ್ನಾಗಿ ಓಡುತ್ತದೆ, ಬಲ್ಬ್ ಹತ್ತುವುದಿಲ್ಲ. ಮಿಸ್ತ್ರಿ ಬ್ಯಾಟರಿ ತಾಗಿಸಿ ಮತ್ತೆ ಎಬ್ಬಿಸಿಕೊಡುತ್ತಾನೆ. ತಿಂಗಳಿಗೊಮ್ಮೆ ಓಡುವ ಮಷಿನ್‌ಗೆ ಈ ಕಾಟ ಬರುವುದು ಅಪರೂಪ. ಶಾಶ್ವತ ಅಯಸ್ಕಾಂತ ಇರುವ ಇನ್ವರ್ಟರ್ ಮಾದರಿಯ ಜನರೇಟರಿಗೂ ಇದು ಬರುವುದಿಲ್ಲ.

ಆದರೆ ಓಡಿಸುವ ರೀತಿ ಗೊತ್ತಿರಬೇಕು. ಎರಡು ನಿಮಿಷ ಗುರ್ ಅನ್ನಿಸಿ ಬಂದ್ ಮಾಡುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸಿದರೆ ಒಳಗೆ ಹುಟ್ಟಿದ ನೀರಿನ ಪಸೆ ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ಉಳಿಯುತ್ತದೆ. ಸ್ಪಾರ್ಕ್ ಪ್ಲಗ್ ಮೇಲೆ ಮಸಿ ಕೂರುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಓಡಬೇಕು, ಅದೂ ಲೋಡ್ ಹಾಕಿ. ಬಕೆಟ್ ನೀರಿನಲ್ಲಿ ಬಿಡುವ 1000 ವ್ಯಾಟ್ ಕಾಯಿಲ್ ಎರಡು ಕೆವಿಎ ಜನರೇಟರಿಗೆ ಹೆಚ್ಚುಕಡಿಮೆ ಅರ್ಧ ಲೋಡ್. ಒಂದೇ ಸಮನೆ ಎಳೆಯುತ್ತದೆ, ಸ್ನಾನಕ್ಕೆ ನೀರೂ ಕಾಯುತ್ತದೆ. ಜನರೇಟರ್ ಬಂದ್ ಆಗುವ ತನಕ ಆ ನೀರಿಗೆ ಕೈ ಹಾಕಬೇಡಿ.

ಖರ್ಚು ಹೆಚ್ಚಲ್ಲ. ಎರಡು ಕೆವಿಎ ಮಷಿನ್ ಅರ್ಧ ಲೋಡ್‌ನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಕುಡಿಯುತ್ತದೆ. ವರ್ಷಕ್ಕೆ ನಾಲ್ಕೈದು ಲೀಟರ್. ಲೀಟರ್ ಬೆಲೆ ನೂರು ದಾಟಿದ ಈ ಕಾಲದಲ್ಲೂ ಐನೂರು ರೂಪಾಯಿ ಚಿಲ್ಲರೆ. ಟ್ಯಾಂಕ್ ತುಂಬಿಸಿ ಇಡಬೇಡಿ. ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟೇ ಹಾಕಿ, ಮುಗಿದಾಗ ಹೊಸದು ತನ್ನಿ.

ನೆನಪಿಡುವುದೇ ಕಷ್ಟ ಅಲ್ವಾ? ಅದಕ್ಕೆ ನಮ್ಮ ಕಡೆ ಒಂದು ಅನುಕೂಲ ಇದೆ. ಅಂಗಡಿಯವರು, ಗಾಡಿ ಇಟ್ಟವರು ಅಮಾವಾಸ್ಯೆಗೆ ಹೇಗೂ ಮಷಿನ್ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಅದೇ ದಿನ ಜನರೇಟರಿಗೂ ಕುಂಕುಮ ಹಚ್ಚಿ, ಅರ್ಧ ಗಂಟೆ ಓಡಿಸಿ. ದಸರೆಯ ಖಂಡೇ ಪೂಜೆಗೆ ತೊಳೆದು ಒರೆಸುವ ಹೊತ್ತಿಗೆ ಒಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ ಆಯಿಲ್ ಬದಲಿಸಿ. ಸಾಮಾನ್ಯವಾಗಿ ಕೈಪಿಡಿಯಲ್ಲಿ 100 ಗಂಟೆ ಅಥವಾ 6 ತಿಂಗಳಿಗೊಮ್ಮೆ ಅಂತ ಇರುತ್ತದೆ, ಯಾವುದು ಮೊದಲೋ ಅದು. ಅಷ್ಟು ಓಡಿಲ್ಲವಲ್ಲ ಅಂತ ವರ್ಷಗಟ್ಟಲೆ ಬಿಡಬೇಡಿ. ಓಡದಿದ್ದರೂ ಆಯಿಲ್ ಹಳೆಯದಾಗುತ್ತದೆ.

ಪೂರ್ತಿ ಬರಿದು ಮಾಡಿ ಇಡುವ ದಾರಿ

ಒಂದು ದಿನದ ಕೆಲಸ. ಆಮೇಲೆ ಆರು ತಿಂಗಳೋ ವರ್ಷವೋ ಮರೆತುಬಿಡಬಹುದು. ಪೆಂಡಾಲಿಗೆ, ಊರ ಜಾತ್ರೆಗೆ, ವರ್ಷಕ್ಕೊಂದು ಮದುವೆಗೆ ಮಾತ್ರ ಬೇಕಾಗುವ ಜನರೇಟರಿಗೆ ಇದೇ ಸರಿ. ಊರಲ್ಲಿ ಯಾರೂ ಇಲ್ಲದೆ ಬೀಗ ಹಾಕಿದ ಮನೆಗೂ ಇದೇ.

ಮೊದಲು ಐದು ನಿಮಿಷ ಓಡಿಸಿ ಎಂಜಿನ್ ಬೆಚ್ಚಗೆ ಮಾಡಿ, ಹಳೆ ಆಯಿಲ್ ಇಳಿಸಿ, ಹೊಸದು ಹಾಕಿ. ಎಂಜಿನ್ ಪೂರ್ತಿ ಆರಿದ ಮೇಲೆ ಟ್ಯಾಂಕಿನ ಪೆಟ್ರೋಲ್ ತೆಗೆಯಿರಿ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಂದ್ ಮಾಡಿ ಮತ್ತೆ ಚಾಲೂ ಮಾಡಿ, ತಾನಾಗಿ ನಿಲ್ಲುವ ತನಕ ಓಡಲಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಎಂಜಿನ್ ನಿಂತ ಮೇಲೂ ಬಟ್ಟಲಿನ ತಳದಲ್ಲಿ ಜೆಟ್‌ಗೆ ಸಿಗದ ಪೆಟ್ರೋಲ್ ಉಳಿದಿರುತ್ತದೆ. ಬಟ್ಟಲಿನ ಕೆಳಗೆ ಸಣ್ಣ ಡ್ರೇನ್ ಸ್ಕ್ರೂ ಇರುತ್ತದೆ. ಕೆಳಗೊಂದು ಡಬ್ಬಿ ಹಿಡಿದು ಅದನ್ನು ಸಡಿಲಿಸಿ. ಕೊನೆಯ ಹನಿ ಬಿದ್ದ ಮೇಲೆ ಬಿಗಿ ಮಾಡಿ. ಇಡೀ ಕೆಲಸದ ಪ್ರಾಣ ಇರುವುದು ಆ ಸ್ಕ್ರೂನಲ್ಲಿ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಸ್ವಿಚ್ ಬಂದ್ ಇರಲಿ. ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆದರೆ ಆಯಿಲ್ ಒಳಗೆಲ್ಲ ಹರಡುತ್ತದೆ. ಪ್ಲಗ್ ಹಾಕಿ ಮತ್ತೆ ಎಳೆಯಿರಿ. ಒಂದು ಕಡೆ ಹಗ್ಗ ಬಿಗಿಯಾಗಿ ತಡೆಯುತ್ತದೆ, ಅಲ್ಲೇ ನಿಲ್ಲಿಸಿ. ಆ ಜಾಗದಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ಸಿಲಿಂಡರಿಗೆ ಪಸೆ ಹೋಗುವುದಿಲ್ಲ. ಧಾರವಾಡದ ಕಡೆಯವರು ಖಾಲಿ ಟ್ಯಾಂಕಿಗೂ ಸ್ವಲ್ಪ ಆಯಿಲ್ ಬಿಟ್ಟು ಅಲ್ಲಾಡಿಸಿ ಇಡಿ. ಖಾಲಿ ತಗಡಿನ ಟ್ಯಾಂಕ್ ಮಳೆಗಾಲದಲ್ಲಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮತ್ತೆ ಬಳಸುವ ಮೊದಲು ಸ್ವಲ್ಪ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲದೆ ಹೊರಗೆ ತೆಗೆಯಿರಿ.

ಇದರ ತೊಂದರೆ ಒಂದೇ, ಆದರೆ ದೊಡ್ಡದು. ರಾತ್ರಿ ಹನ್ನೊಂದಕ್ಕೆ ಗಾಳಿಮಳೆಯಲ್ಲಿ ಕರೆಂಟ್ ಹೋದರೆ ಪೆಟ್ರೋಲ್ ಎಲ್ಲಿಂದ ತರುತ್ತೀರಿ? ಹಳೆಯ ಬೈಕ್ ಆದರೆ ಪೈಪ್ ಕಿತ್ತು ಇಳಿಸಬಹುದಿತ್ತು. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಅದು ಸುಲಭವಲ್ಲ. ಗಟ್ಟಿ ಮುಚ್ಚಳದ ಲೋಹದ ಕ್ಯಾನ್‌ನಲ್ಲಿ ನಾಲ್ಕು ಲೀಟರ್ ಇಟ್ಟು, ಎರಡು ತಿಂಗಳಿಗೊಮ್ಮೆ ಅದನ್ನು ಸ್ಕೂಟರಿಗೆ ಹಾಕಿ ಹೊಸದು ತುಂಬಿಸಿಕೊಂಡರೆ ಆಯಿತು. ಆದರೆ ಅದನ್ನೂ ನೆನಪಿಟ್ಟು ಮಾಡುವವರು ಬೇಕು. ಅಡುಗೆಮನೆ, ದೇವರ ಮನೆ ಹತ್ತಿರ ಕ್ಯಾನ್ ಇಡಲೇಬೇಡಿ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಂತೂ ಪೆಟ್ರೋಲ್ ಬೇಡ.

ನಡುವಿನ ದಾರಿ

ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿ, ಕಾರ್ಬುರೇಟರ್ ಮಾತ್ರ ಒಣಗಿರಲಿ. ಇದು ಎರಡು ಮೂರು ತಿಂಗಳಿಗೊಮ್ಮೆ ಬಳಸುವವರಿಗೆ. ಹೊಸ ಪೆಟ್ರೋಲ್ ಹಾಕಿಸಿ, ಅದಕ್ಕೆ ಫ್ಯುಯೆಲ್ ಸ್ಟೆಬಿಲೈಸರ್ ಬೆರೆಸಿ, ಹತ್ತು ನಿಮಿಷ ಓಡಿಸಿ, ಕಾಕ್ ಬಂದ್ ಮಾಡಿ ನಿಲ್ಲುವ ತನಕ ಬಿಟ್ಟು, ಡ್ರೇನ್ ಸ್ಕ್ರೂನಿಂದ ಉಳಿದದ್ದನ್ನು ಇಳಿಸುವುದು. ಬೇಕಾದಾಗ ಕಾಕ್ ತೆರೆದು, ಬಟ್ಟಲು ತುಂಬಲು ಸ್ವಲ್ಪ ಕಾದು, ಚೋಕ್ ಎಳೆದು ಹಗ್ಗ ಎಳೆದರೆ ಆಯಿತು.

ಸ್ಟೆಬಿಲೈಸರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಪೆಟ್ರೋಲ್ ಅಂಟಾಗುವುದನ್ನು ನಿಧಾನ ಮಾಡುತ್ತದೆ. ಆಗಲೇ ಕೆಟ್ಟ ಪೆಟ್ರೋಲನ್ನು ಸರಿ ಮಾಡುವುದಿಲ್ಲ. ತಳಕ್ಕಿಳಿದ ನೀರನ್ನೂ ಮಾಯ ಮಾಡುವುದಿಲ್ಲ. ಗದಗದ ಒಣ ಹವೆಯಲ್ಲಿ ಈ ದಾರಿಯನ್ನು ಧೈರ್ಯವಾಗಿ ಹೇಳುತ್ತೇನೆ. ಹಾನಗಲ್ಲಿನ ಮಳೆಗಾಲದಲ್ಲಿ ಹೇಳಲು ಹಿಂಜರಿಯುತ್ತೇನೆ. “ಟ್ಯಾಂಕ್ ತುಂಬಿಸಿ ಇಡಿ” ಅನ್ನುವ ಹಿರಿಯರ ಮಾತು ಎಥೆನಾಲ್ ಇಲ್ಲದ ಪೆಟ್ರೋಲಿನ ಕಾಲದ್ದು. ತುಂಬಿದ ಟ್ಯಾಂಕಿನಲ್ಲಿ ಗಾಳಿ ಕಡಿಮೆ, ಹಾಗಾಗಿ ಪಸೆ ಕಡಿಮೆ ಅನ್ನುವುದು ಇವತ್ತಿಗೂ ನಿಜ. ಆದರೆ ಆ ಪೆಟ್ರೋಲಿಗೆ ಈಗ ಮೂರು ತಿಂಗಳಿಗಿಂತ ಹೆಚ್ಚು ಗಡುವು ಕೊಡಬೇಡಿ. ಅನುಮಾನ ಬಂದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಡಿ. ಎರಡು ಪದರ ಕಂಡರೆ ಅದು ಎಂಜಿನ್‌ಗೆ ಬೇಡ. ಗಟಾರಕ್ಕೂ ಚೆಲ್ಲಬೇಡಿ. ಗ್ಯಾರೇಜಿಗೆ ಕೊಟ್ಟುಬಿಡಿ.

ಮಿಸ್ತ್ರಿಗೆ ವಹಿಸುವುದು, ಇಲ್ಲವೇ ಮಾರಿಬಿಡುವುದು

ಮನೆಯಲ್ಲಿ ವಯಸ್ಸಾದವರೇ ಇದ್ದು ಜನರೇಟರ್ ಬೇಕೇ ಬೇಕು ಅಂದರೆ ನಂಬಿಕೆಯ ಮಿಸ್ತ್ರಿಗೆ ಎರಡು ತಿಂಗಳಿಗೊಮ್ಮೆ ಬಂದು ಓಡಿಸಿ ಹೋಗಲು ಹೇಳಿ. ಕೂಲಿ ಮೊದಲೇ ಮಾತಾಡಿಕೊಳ್ಳಿ. ಒಮ್ಮೆ ಕಾರ್ಬುರೇಟರ್ ಬಿಚ್ಚಿ ತೊಳೆಸಿ ಜೆಟ್ ಬದಲಿಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಇದು ದುಬಾರಿ ಅನಿಸುವುದಿಲ್ಲ. ಅವನು ಬಂದಾಗ ಬರೀ ಶಬ್ದ ಕೇಳಿ ಕಳಿಸಬೇಡಿ. ಲೋಡ್ ಹಾಕಿಸಿ ನೋಡಿ.

ಫ್ಯಾನ್, ಲೈಟ್, ಟಿವಿ ಇಷ್ಟೇ ಸಾಕು ಅನ್ನುವವರು ಜನರೇಟರ್ ಮಾರಿ ಇನ್ವರ್ಟರ್ ಹಾಕಿಸಿಕೊಳ್ಳುವುದೇ ಒಳ್ಳೆಯದು. 150 ಎಎಚ್ ಬ್ಯಾಟರಿ 300 ವ್ಯಾಟ್ ಲೋಡನ್ನು ಸುಮಾರು ನಾಲ್ಕು ಗಂಟೆ ಎಳೆಯುತ್ತದೆ. ಹೊಗೆ ಇಲ್ಲ, ಹಗ್ಗ ಇಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡುತ್ತಿರಬೇಕು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು. ವರ್ಷಕ್ಕೊಂದು ಕಾರ್ಯಕ್ರಮಕ್ಕೆ ಮಾತ್ರ ಬೇಕಾದವರಿಗೆ ಶಾಮಿಯಾನದವರ ಹತ್ತಿರ ಬಾಡಿಗೆ ಜನರೇಟರ್ ಸಿಗುತ್ತದೆ. ಆದರೆ ಇಡೀ ಊರಿಗೆ ಒಂದೇ ದಿನ ಹಬ್ಬ ಬಂದಾಗ ಅವರ ಹತ್ತಿರವೂ ಸಿಗುವುದಿಲ್ಲ. ಮೊದಲೇ ಹೇಳಿಡಬೇಕು.

ಯಾರಿಗೆ ಯಾವುದು?

ಮನೆಯಲ್ಲಿ ಕಾಯಿಲೆಯವರು ಇದ್ದಾರೆ, ಮಷಿನ್ ನಿಲ್ಲುವ ಹಾಗಿಲ್ಲ ಅಂದರೆ ಎರಡೂ ಬೇಕು: ಕೂಡಲೇ ಹಿಡಿಯಲು ಇನ್ವರ್ಟರ್, ರಾತ್ರಿಯಿಡೀ ನಡೆಸಲು ತಿಂಗಳಿಗೊಮ್ಮೆ ತಪ್ಪದೆ ಓಡಿದ ಜನರೇಟರ್. ಇಲ್ಲಿ ಉಳಿತಾಯದ ಲೆಕ್ಕ ಹಾಕಬೇಡಿ. ಕರೆಂಟ್ ಹೋದರೆ ಗಿರಾಕಿ ವಾಪಸ್ ಹೋಗುವ ಝೆರಾಕ್ಸ್ ಅಂಗಡಿ, ಟೇಲರ್ ಅಂಗಡಿಯವರಿಗೆ ಅಮಾವಾಸ್ಯೆಯ ಪದ್ಧತಿ. ಹೊಲದ ಮನೆಯಲ್ಲಿ ಇಟ್ಟು ಸುಗ್ಗಿಗೆ ಮಾತ್ರ ಬಳಸುವವರು ಸುಗ್ಗಿ ಮುಗಿದ ವಾರವೇ ಬರಿದು ಮಾಡಿ, ಹಲಗೆ ಮೇಲೆ ಎತ್ತಿಟ್ಟು, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಚಾಲೂ ಮಾಡುವ ಮೊದಲು ಬಟ್ಟೆ ತೆಗೆಯಬೇಕು ಅಂತ ಹಗ್ಗದ ಹಿಡಿಕೆಗೆ ಒಂದು ಚೀಟಿ ಕಟ್ಟಿ. ಮುಚ್ಚುವುದಾದರೆ ಹಳೇ ಗೋಣಿಚೀಲ ಸಾಕು. ಪ್ಲಾಸ್ಟಿಕ್ ತಾಡಪತ್ರಿ ಬಿಗಿದು ಕಟ್ಟಿದರೆ ಒಳಗೆ ಬೆವರು ಕಟ್ಟುತ್ತದೆ.

ಬಟನ್ ಸ್ಟಾರ್ಟ್ ಇರುವವರು ಯಾವ ದಾರಿ ಹಿಡಿದರೂ ಬ್ಯಾಟರಿ ನೆನಪಿಡಬೇಕು. ನಿಂತ ಬ್ಯಾಟರಿ ತಾನಾಗಿ ಇಳಿದು ಸಾಯುತ್ತದೆ. ಮೈನಸ್ ವೈರ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸುವ ಹಳೆಯ ಮಾದರಿ ಇದ್ದವರು ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಿ. ಇಲ್ಲದಿದ್ದರೆ ಬಟ್ಟಲಿನಲ್ಲಿ ಸೀಮೆಎಣ್ಣೆಯೇ ಉಳಿದು ಮುಂದಿನ ಸಲ ಹತ್ತುವುದಿಲ್ಲ.

ಎರಡು ವಿಷಯದಲ್ಲಿ ಮಾತ್ರ ಆಯ್ಕೆ ಇಲ್ಲ. ಪರೀಕ್ಷೆಗೆ ಅಂತ ಹತ್ತು ನಿಮಿಷವಾದರೂ ಸರಿ, ಜನರೇಟರನ್ನು ಪಡಸಾಲೆಯಲ್ಲಿ, ಅರ್ಧ ಇಳಿಸಿದ ಶಟರ್ ಒಳಗೆ, ಮೆಟ್ಟಿಲ ಕೆಳಗೆ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ. ಹೊರಗೆ, ಕಿಟಕಿ ಬಾಗಿಲಿನಿಂದ ಇಪ್ಪತ್ತು ಅಡಿ ದೂರ ಇರಲಿ, ಹೊಗೆ ಮನೆಯ ಕಡೆ ತಿರುಗದಿರಲಿ. ಇನ್ನೊಂದು, ಎರಡೂ ತುದಿಗೆ ಪ್ಲಗ್ ಇರುವ ವೈರ್‌ನಿಂದ ಗೋಡೆಯ ಸಾಕೆಟ್‌ಗೆ ಕರೆಂಟ್ ಕೊಡಬೇಡಿ. ಅದು ಮೀಟರ್ ದಾಟಿ ಲೈನ್‌ಗೆ ಹೋಗುತ್ತದೆ, ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ಲೈನ್ ಕರೆಂಟ್, ಜನರೇಟರ್ ಕರೆಂಟ್ ಎರಡೂ ಸೇರದ ಹಾಗೆ ಬೇರೆ ಮಾಡುವ ಚೇಂಜ್ ಓವರ್ ಸ್ವಿಚ್ ಹಾಕಿಸಿ. ಅಲ್ಲಿಯ ತನಕ ಜನರೇಟರಿನ ಸಾಕೆಟ್‌ನಿಂದಲೇ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಳ್ಳಿ.

ಈಗಾಗಲೇ ವರ್ಷದಿಂದ ನಿಂತಿದ್ದರೆ

ಯಾವ ದಾರಿ ಆರಿಸುವ ಮೊದಲೂ ಅದನ್ನು ಎಬ್ಬಿಸಬೇಕು. ನೇರವಾಗಿ ಹಗ್ಗ ಎಳೆಯಬೇಡಿ. ಹಳೆ ಪೆಟ್ರೋಲನ್ನೆಲ್ಲ ತೆಗೆಯಿರಿ, ಬಟ್ಟಲನ್ನು ಡ್ರೇನ್ ಮಾಡಿ, ಫಿಲ್ಟರ್ ಡಬ್ಬಿ ತೆರೆದು ಇಲಿ ಗೂಡು ಇದೆಯಾ ನೋಡಿ, ಪೈಪ್ ಬಗ್ಗಿಸಿ ಸೀಳಿದೆಯಾ ನೋಡಿ. ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್ ಬಿಟ್ಟು ಮೆಲ್ಲಗೆ ಎಳೆಯಿರಿ. ಹಗ್ಗ ಸಲೀಸಾಗಿ ಬಂದರೆ ಪ್ಲಗ್ ಒರೆಸಿ ಹಾಕಿ, ಎಂಜಿನ್ ಆಯಿಲ್ ಬದಲಿಸಿ, ಅರ್ಧ ಲೀಟರ್ ಹೊಸ ಪೆಟ್ರೋಲ್ ಹಾಕಿ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೇ ನಿಂತರೆ ಜೆಟ್ ಕಟ್ಟಿದೆ ಅಂತ ಅರ್ಥ. ಕಾರ್ಬುರೇಟರ್ ಬಿಚ್ಚಿಸಿ ತೊಳೆಸಬೇಕು. ಚೆನ್ನಾಗಿ ಓಡಿದರೂ ಬಲ್ಬ್ ಹತ್ತದಿದ್ದರೆ ವೈಂಡಿಂಗ್ ಸುಟ್ಟಿದೆ ಅಂತ ಯಾರಾದರೂ ಹೇಳಿದ ಕೂಡಲೇ ಒಪ್ಪಬೇಡಿ. ಮೊದಲು ಬ್ಯಾಟರಿ ತಾಗಿಸಿ ನೋಡಲು ಹೇಳಿ. ಅದಕ್ಕೂ ಬಾರದಿದ್ದರೆ ಕೆಪಾಸಿಟರ್ ಅಥವಾ ವೋಲ್ಟೇಜ್ ಹಿಡಿತದಲ್ಲಿಡುವ ಎವಿಆರ್ ನೋಡಿಸಿ, ವೈಂಡಿಂಗ್ ಮಾತು ಕೊನೆಗೆ.